ಗಿಡಗಳ ನೆಂಟಸ್ತಿಕೆ ಹುಡುಕಿದ ತಲಶ್ಶೇರಿಯ ಜಾನಕಿ ಅಮ್ಮಾಳ್

(ಕನ್ನಡ ಮಾಧ್ಯಮ ಶಾಲೆಯೊಂದರ ಹೆತ್ತವರ ಸಭೆಯಲ್ಲಿ ನಿವೃತ್ತ ವಿಜ್ಞಾನ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಬರೆಹರೂಪ)



ಹೆತ್ತವರ ಸಭೆ ಎಂದರೆ ಮಾರ್ಕು, ಬಸ್ಸು, ಮಧ್ಯಾಹ್ನದ ಊಟ, ಸೋರುವ ಮಾಡು, ಇಷ್ಟರಲ್ಲೇ ಮುಗಿಯುವುದು ವಾಡಿಕೆ. ಅವೆಲ್ಲ ಆಗಬೇಕಾದ ಮಾತುಗಳೇ. ಆದರೆ ನನಗೆ ಕೊಟ್ಟಿರುವ ಅರ್ಧ ಗಂಟೆಯನ್ನು ನಾನು ಒಬ್ಬ ಹೆಂಗಸಿನ ಕತೆಗೆ ಬಳಸುತ್ತೇನೆ. ನಿಮ್ಮ ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಹೆಣ್ಣು ಮಗಳಿದ್ದರೆ ಸ್ವಲ್ಪ ಹೆಚ್ಚು ಗಮನವಿಟ್ಟು ಕೇಳಿ.

ಅದಕ್ಕೆ ಮೊದಲು ನಾನು ಮೋಸಹೋದ ಒಂದು ಸಂಗತಿ. ಕೆಲವು ವರ್ಷಗಳ ಹಿಂದೆ ಮನೆಯಲ್ಲಿ ಮದ್ದಿಗೆಂದು ಬ್ರಾಹ್ಮಿ ಬೇಕಾಯಿತು. ಬ್ರಾಹ್ಮಿ ಎಂದರೆ ನಮಗೆ ಒಂದೆಲಗ. ತುಳುವಿನಲ್ಲಿ ತಿಮರೆ. ತಂಬುಳಿ ಮಾಡುವ ಎಲೆ, ಅಂಗಳದ ಬದಿಯಲ್ಲಿ ನೆಲಕ್ಕೆ ಹಬ್ಬಿಕೊಂಡು ಇರುವಂಥದು. ಕಡು ಬೇಸಗೆಯಾದ್ದರಿಂದ ಹಿತ್ತಿಲಿನದು ಒಣಗಿ ಹೋಗಿತ್ತು. ಚಂದ್ರಗಿರಿ ಹೊಳೆಯಿಂದಾಚೆ ಹೋಗುವವರ ಕೈಯಲ್ಲಿ ಚೀಟಿ ಕೊಟ್ಟು, ಮದ್ದಿನಂಗಡಿಯಿಂದ ಬ್ರಾಹ್ಮಿ ತರಲು ಹೇಳಿದೆ. ತಂದರು. ಬಿಚ್ಚಿ ನೋಡಿದರೆ ಸಣ್ಣ ಸಣ್ಣ, ದಪ್ಪ ದಪ್ಪ ಎಲೆಯ ಬೇರೆಯೇ ಒಂದು ಗಿಡ. ಅಂಗಡಿಯವರು ತಪ್ಪು ಮಾಡಿರಲಿಲ್ಲ. ಮಲಯಾಳದಲ್ಲಿ ಬ್ರಹ್ಮಿ ಎಂದರೆ ಅದೇ ಗಿಡ, ಗದ್ದೆಯ ಒಸರಿನಲ್ಲಿ ಬೆಳೆಯುವ ನೀರುಬ್ರಾಹ್ಮಿ. ನಮ್ಮ ಒಂದೆಲಗಕ್ಕೆ ಅವರು ಮುತ್ತಿಳ್ ಎನ್ನುತ್ತಾರೆ. ಹೆಸರು ಒಂದು, ಗಿಡ ಎರಡು. ಒಂದೆಲಗ ಕೊತ್ತಂಬರಿಯ ಕುಟುಂಬದ್ದು. ಇನ್ನೊಂದಕ್ಕೂ ಅದಕ್ಕೂ ಯಾವ ಹತ್ತಿರದ ಸಂಬಂಧವೂ ಇಲ್ಲ.

ಇದರ ತದ್ವಿರುದ್ಧವೂ ಉಂಟು. ಆಟಿ ತಿಂಗಳಲ್ಲಿ ಪಲ್ಯ ಮಾಡುವ ತಗಟೆ ಸೊಪ್ಪಿಗೆ ತುಳುವರು ತಜಂಕ್ ಎಂದರೆ ಕೊಂಕಣಿಯವರು ತಾಯ್ಕಿಳೊ, ಮಲಯಾಳಿಗಳು ತಗರ ಎನ್ನುತ್ತಾರೆ. ನಾವು ಕೇಪಳ ಎನ್ನುವ ಹೂವು ತೆಯ್ಯದ ಕಾವಿನಲ್ಲಿ ಚೆಕ್ಕಿಯಾಗುತ್ತದೆ. ಇಲ್ಲಿ ಹೆಸರು ನಾಲ್ಕು, ಗಿಡ ಒಂದೇ. ಹೆಸರುಗಳ ಈ ಗೋಜಲಿನ ಅಡಿಯಲ್ಲಿ ಯಾವ ಗಿಡ ಯಾವುದು, ಯಾವುದಕ್ಕೆ ಯಾವುದು ನೆಂಟ ಎಂದು ಕಂಡುಹಿಡಿಯುವ ವಿದ್ಯೆಗೆ ಸಸ್ಯ ವರ್ಗೀಕರಣ ಶಾಸ್ತ್ರ ಎಂದು ಹೆಸರು. ಆ ವಿದ್ಯೆಯಲ್ಲಿ ಜಗತ್ತಿಗೇ ಹೆಸರಾದ ಒಬ್ಬ ಹೆಂಗಸು ನಮ್ಮ ಊರಿನಿಂದ ರೈಲಿನಲ್ಲಿ ಒಂದೆರಡು ಗಂಟೆ ದಾರಿಯ ತಲಶ್ಶೇರಿಯಲ್ಲಿ ಹುಟ್ಟಿದರು. ಎಡವಲತ್ತ್ ಕಕ್ಕಾಟ್ಟ್ ಜಾನಕಿ ಅಮ್ಮಾಳ್. ಹುಟ್ಟಿದ್ದು 1897ರ ನವೆಂಬರ್ 4ರಂದು.

ಆಗ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು, ತಲಶ್ಶೇರಿ ಮಲಬಾರ್ ಜಿಲ್ಲೆಯಲ್ಲಿ. ಎರಡೂ ಮದರಾಸು ಪ್ರಾಂತಕ್ಕೆ ಸೇರಿದವು.  ನಮಗೆ ಕಿಟ್ಟೆಲರು ನಿಘಂಟು ಮಾಡಿಕೊಟ್ಟ ಹಾಗೆ ಮಲಯಾಳಕ್ಕೆ ನಿಘಂಟು ಮಾಡಿಕೊಟ್ಟ ಗುಂಡರ್ಟರು ಇದ್ದ ಊರು ಆ ತಲಶ್ಶೇರಿ. ಅಕ್ಷರದ ಗಾಳಿ ಬೀಸಿದ ಊರು. ರೈಲು ಮಂಗಳೂರಿಗೆ ಬಂದದ್ದು 1907ರಲ್ಲಿ, ಆ ಹುಡುಗಿಗೆ ಹತ್ತು ವರ್ಷವಾಗುವಾಗ.

ತಂದೆ ಇ. ಕೆ. ಕೃಷ್ಣನ್, ತಲಶ್ಶೇರಿಯಲ್ಲಿ ಸಬ್ ಜಡ್ಜ್. ತೀಯ ಸಮಾಜದವರು. ಕೋರ್ಟಿನ ಕೆಲಸದ ಜತೆಗೆ ಗಿಡ, ಹಕ್ಕಿ ಎಂದರೆ ಅವರಿಗೆ ಪ್ರಾಣ. ಮನೆಯ ಸುತ್ತ ತೋಟ ಮಾಡಿಕೊಂಡಿದ್ದರು, ಉತ್ತರ ಮಲಬಾರಿನ ಹಕ್ಕಿಗಳ ಬಗ್ಗೆ ಬರೆದಿದ್ದರು. ಎರಡು ಮದುವೆಯಿಂದ ಹತ್ತೊಂಬತ್ತು ಮಕ್ಕಳು, ಜಾನಕಿ ಹತ್ತನೆಯವರು. ಹತ್ತೊಂಬತ್ತು ಮಕ್ಕಳ ಮನೆಯಲ್ಲಿ ಹತ್ತನೆಯ ಮಗುವನ್ನು ಯಾರು ನೋಡುತ್ತಾರೆ? ಬಹುಶಃ ಅದೇ ಅವರಿಗೆ ಅನುಕೂಲವಾಯಿತೋ ಏನೋ. ಅಕ್ಕಂದಿರಿಗೆ ಒಬ್ಬೊಬ್ಬರಿಗಾಗಿ ಮದುವೆ ಆಗುತ್ತ ಬಂತು. ತಮ್ಮ ಸರದಿ ಬಂದಾಗ ಇವರು ಓದುತ್ತೇನೆ ಎಂದರು. ಮನೆಯವರು ಓದಲು ಬಿಟ್ಟರು. ಕೊನೆಯ ವರೆಗೂ ಅವರು ಮದುವೆಯಾಗಲಿಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಜಾನಕಿ ಅಮ್ಮಾಳ್ ಮಾತೃಭಾಷಾ ಮಾಧ್ಯಮದಲ್ಲಿ ಓದಿದವರಲ್ಲ. ತಲಶ್ಶೇರಿಯ ಸೇಕ್ರೆಡ್ ಹಾರ್ಟ್ ಕಾನ್ವೆಂಟಿನಲ್ಲಿ ಓದು, ಆಮೇಲೆ ಮದರಾಸಿನ ಕ್ವೀನ್ ಮೇರೀಸ್ ಕಾಲೇಜು. ಅದು ಹುಡುಗಿಯರಿಗಾಗಿ 1914ರಲ್ಲಷ್ಟೇ ಆರಂಭವಾಗಿದ್ದ ಕಾಲೇಜು. ಅನಂತರ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1921ರಲ್ಲಿ ಸಸ್ಯವಿಜ್ಞಾನದ ಆನರ್ಸ್ ಪದವಿ. ಸಬ್ ಜಡ್ಜರ ಮಗಳಿಗೆ ಇದ್ದ ಅನುಕೂಲ ನಮ್ಮ ಮಕ್ಕಳಿಗಿಲ್ಲ. ಹಾಗಾದರೆ ಈ ಕತೆ ನಮಗೇಕೆ ಎಂದು ನೀವು ಕೇಳಬಹುದು. ಸ್ವಲ್ಪ ತಾಳಿ.

ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ಅವರಿಗೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಬಾರ್ಬರ್ ವಿದ್ಯಾರ್ಥಿವೇತನ ಸಿಕ್ಕಿತು. ಏಷ್ಯಾದ ಹೆಣ್ಣುಮಕ್ಕಳು ಓದಲೆಂದೇ ಅಲ್ಲಿನ ಒಬ್ಬ ದಾನಿ 1917ರಲ್ಲಿ ಇಟ್ಟ ನಿಧಿ ಅದು. 1924ರಲ್ಲಿ ಹಡಗು ಹತ್ತಿದರು. ಅಲ್ಲಿ ಇಳಿದಾಗ ವಲಸೆ ಅಧಿಕಾರಿಗಳು ತಡೆದು ನಿಲ್ಲಿಸಿದರಂತೆ. ಉದ್ದ ಕೂದಲು, ರೇಷ್ಮೆ ಸೀರೆ ಕಂಡು, ನೀವು ಭಾರತದ ರಾಜಕುಮಾರಿಯೇ ಎಂದು ಕೇಳಿದರಂತೆ. ಇವರು ಅಲ್ಲ ಎನ್ನಲು ಹೋಗಲಿಲ್ಲವಂತೆ! ಅವರ ಮನೆಯವರು ಹೇಳುವ ಕತೆ ಇದು. ಎಂ.ಎಸ್. ಮುಗಿಸಿ ಬಂದು ಮತ್ತೆ ಪಾಠ ಮಾಡಿ, ಪುನಃ ಹೋಗಿ 1931ರಲ್ಲಿ ಡಾಕ್ಟರೇಟ್ ಪಡೆದರು. ಅಮೆರಿಕದಲ್ಲಿ ಸಸ್ಯವಿಜ್ಞಾನದ ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆ ಎಂದು ಅವರನ್ನು ಗುರುತಿಸುತ್ತಾರೆ. ಪ್ರಬಂಧದ ವಿಷಯ, ಬದನೆಯ ಕುಟುಂಬಕ್ಕೆ ಸೇರಿದ ಒಂದು ಗಿಡದ ವರ್ಣತಂತುಗಳು.

ವರ್ಣತಂತು ಎಂಬ ಶಬ್ದ ನಿಮ್ಮ ಮಕ್ಕಳ ಪುಸ್ತಕದಲ್ಲಿ ಉಂಟು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜಾನಕಿ ಅಮ್ಮಾಳ್ ಅವರ ಆಯುಷ್ಯವೆಲ್ಲ ಅದನ್ನು ಎಣಿಸುವುದರಲ್ಲೇ ಕಳೆಯಿತು. ಗಿಡದ ಬೇರಿನ ತುದಿ ಸದಾ ಬೆಳೆಯುತ್ತಿರುತ್ತದೆ, ಎಂದರೆ ಅಲ್ಲಿ ಜೀವಕೋಶಗಳು ಒಂದು ಎರಡಾಗುತ್ತಿರುತ್ತವೆ. ಆ ತುದಿಯನ್ನು ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಮೇಲೆ ತೆಳ್ಳಗೆ ಅದುಮಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಣ್ಣ ಸಣ್ಣ ನೂಲಿನ ತುಂಡುಗಳ ಹಾಗೆ ಕಾಣುವುದೇ ವರ್ಣತಂತು. ತಲೆಮಾರಿನಿಂದ ತಲೆಮಾರಿಗೆ ಗುಣಗಳು ದಾಟುವುದು ಅವುಗಳ ಮೂಲಕ. ಒಂದೊಂದು ಬಗೆಯ ಜೀವಕ್ಕೂ ಅದರ ಲೆಕ್ಕವುಂಟು. ಮನುಷ್ಯನಿಗೆ 46. ಈರುಳ್ಳಿಗೆ 16. ತೆಂಗಿಗೆ 32, ಕಂಗಿಗೂ 32. ಬದನೆಗೆ 24, ಟೊಮೆಟೊಗೆ, ಮೆಣಸಿನಕಾಯಿಗೆ, ದತ್ತೂರಕ್ಕೆ ಎಲ್ಲಕ್ಕೂ 24, ಬಟಾಟೆಗೆ ಅದರ ಇಮ್ಮಡಿ 48. ಇವೆಲ್ಲ ಒಂದೇ ಕುಟುಂಬ. ಲೆಕ್ಕ ಸರಿಹೋದ ಮಾತ್ರಕ್ಕೆ ನೆಂಟರಾಗುವುದಿಲ್ಲ ಅನ್ನಿ. ಭತ್ತಕ್ಕೂ 24, ಅದು ಬದನೆಯ ನೆಂಟನಲ್ಲ. ಆದರೆ ಎಲೆ, ಹೂ, ಕಾಯಿ ನೋಡಿ ತೀರ್ಮಾನವಾಗದ ಎಷ್ಟೋ ಸಂಶಯಗಳು ಈ ಲೆಕ್ಕದಿಂದ ಪರಿಹಾರವಾಗುತ್ತವೆ.

ನೇಂದ್ರ ಬಾಳೆಹಣ್ಣಿನಲ್ಲಿ ಬೀಜ ಏಕಿಲ್ಲ? ಬೀಜ ತುಂಬಿದ ಕಾಡುಬಾಳೆಯಲ್ಲಿ 22 ವರ್ಣತಂತು, ಎಂದರೆ 11ರ ಎರಡು ಪಾಲು. ನೇಂದ್ರದಲ್ಲಿ 33, 11ರ ಮೂರು ಪಾಲು. ಬೀಜ ಕಟ್ಟಬೇಕಾದರೆ ವರ್ಣತಂತುಗಳು ಜೋಡಿ ಜೋಡಿಯಾಗಿ ನಿಲ್ಲಬೇಕು. ಮೂರು ಪಾಲು ಇದ್ದರೆ ಜೋಡಿ ಹೇಗೆ ಸರಿಹೊಂದೀತು? ಹಾಗಾಗಿ ಬೀಜವಿಲ್ಲ, ಕಂದು ನೆಟ್ಟೇ ಬೆಳೆಸಬೇಕು. ಎಷ್ಟು ತಲೆಮಾರಿನಿಂದ ನಾವು ಕಂದು ನೆಡುತ್ತಿದ್ದೇವೆ; ಕಾರಣ ಕಂಡದ್ದು ಸೂಕ್ಷ್ಮದರ್ಶಕದ ಅಡಿಯಲ್ಲಿ.

ಭಾರತಕ್ಕೆ ಬಂದ ಜಾನಕಿ ಅಮ್ಮಾಳ್ ತಿರುವನಂತಪುರದ ಮಹಾರಾಜಾ ವಿಜ್ಞಾನ ಕಾಲೇಜಿನಲ್ಲಿ 1932ರಿಂದ ಎರಡು ವರ್ಷ ಪ್ರೊಫೆಸರ್ ಆಗಿದ್ದು, 1934ರಲ್ಲಿ ಕೊಯಮುತ್ತೂರಿನ ಕಬ್ಬಿನ ತಳಿ ಸಂಶೋಧನ ಕೇಂದ್ರಕ್ಕೆ ಹೋದರು. ಆ ಕಾಲಕ್ಕೆ ನಮ್ಮ ಕರಾವಳಿಯಲ್ಲಿಯೂ ಇಂಥದೇ ಕೆಲಸ ನಡೆದಿತ್ತು. 1932ರಲ್ಲಿ ನೀಲೇಶ್ವರದ ತೆಂಗು ಸಂಶೋಧನ ಕೇಂದ್ರದಲ್ಲಿ ಎತ್ತರದ ತೆಂಗಿಗೂ ಗಿಡ್ಡ ತೆಂಗಿಗೂ ಸಂಕರ ಮಾಡಿ ನೋಡಿದ್ದರು. ಮಿಶ್ರತಳಿಯ ತೆಂಗಿನ ಸಸಿ ಎಂದು ಇವತ್ತು ನೀವು ದುಡ್ಡು ಕೊಟ್ಟು ತರುವುದರ ಮೂಲ ನಮ್ಮ ಜಿಲ್ಲೆಯಲ್ಲೇ ಇದೆ. ಕಬ್ಬಿನಲ್ಲಿ ಸಮಸ್ಯೆ ಬೇರೆ. ದಪ್ಪ ಕಾಂಡದ ಸಿಹಿ ಕಬ್ಬು ರೋಗಕ್ಕೆ, ಚಳಿಗೆ, ಬರಕ್ಕೆ ಬಾಗುತ್ತದೆ. ಹೊಳೆಬದಿಯಲ್ಲಿ ಹುಲ್ಲಿನಂತೆ ಬೆಳೆಯುವ ಕಾಡುಕಬ್ಬಿನಲ್ಲಿ ಸಿಹಿ ಇಲ್ಲ, ಆದರೆ ಗಟ್ಟಿ ಪ್ರಾಣ. ಎರಡನ್ನೂ ಕೂಡಿಸಿ ಕೊಯಮುತ್ತೂರಿನವರು ಅದಾಗಲೇ ಹೊಸ ಕಬ್ಬು ಮಾಡಿದ್ದರು. ಯಾವುದನ್ನು ಯಾವುದಕ್ಕೆ ಕೂಡಿಸಿದರೆ ಏನಾದೀತು, ಹುಟ್ಟಿದ ಸಸಿ ನಿಜವಾಗಿ ಎರಡರದ್ದೂ ಹೌದೇ, ಕಾಡುಕಬ್ಬಿನ ಮೂಲ ಯಾವುದು ಎಂಬುದೆಲ್ಲ ವರ್ಣತಂತುವಿನ ಲೆಕ್ಕದಿಂದ ತಿಳಿಯಬೇಕಾಗಿತ್ತು. ಆ ಲೆಕ್ಕ ಜಾನಕಿ ಅಮ್ಮಾಳ್ ಅವರದು. ಕಬ್ಬನ್ನು ಜೋಳದೊಡನೆ, ಬೇರೆ ಬೇರೆ ಹುಲ್ಲುಗಳೊಡನೆ ಕೂಡಿಸಿ ಹುಟ್ಟಿದ ಸಂಕರಗಳನ್ನು ಅವರು ಪರೀಕ್ಷಿಸಿದರು. ಸರ್ ಸಿ. ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಗೆ 1935ರಲ್ಲಿ ಇವರನ್ನು ಸದಸ್ಯರಾಗಿ ಆರಿಸಿದರು.

ಕೊಯಮುತ್ತೂರಿನ ವರ್ಷಗಳು ಹೂವಿನ ಹಾಸಿಗೆಯಾಗಿರಲಿಲ್ಲ. ಗಂಡಸರೇ ತುಂಬಿದ್ದ ಕಡೆ ಒಂಟಿ ಹೆಂಗಸು, ಅದರ ಮೇಲೆ ಹಿಂದುಳಿದದ್ದೆಂದು ಎಣಿಸುತ್ತಿದ್ದ ಜಾತಿ. ಎರಡರಿಂದಲೂ ಅವರು ನೊಂದರೆಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. ವಿದ್ಯೆ ಇದ್ದರೆ ಜಾತಿ ಕೇಳುವವರಿಲ್ಲ ಎಂದು ನಾವು ಭಾಷಣದಲ್ಲಿ ಹೇಳುವುದುಂಟು. ಅದು ಪೂರ್ತಿ ನಿಜವಲ್ಲ.

1939ರ ಆಗಸ್ಟಿನಲ್ಲಿ ಎಡಿನ್‌ಬರೋದಲ್ಲಿ ನಡೆದ ತಳಿವಿಜ್ಞಾನಿಗಳ ಅಂತಾರಾಷ್ಟ್ರೀಯ ಸಮ್ಮೇಳನಕ್ಕೆ ಹೋದರು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಊರಿಗೆ ಮರಳದೆ ಲಂಡನ್ನಿನಲ್ಲೇ ಉಳಿದರು. ಜಾನ್ ಇನ್ನೆಸ್ ತೋಟಗಾರಿಕೆ ಸಂಸ್ಥೆಯಲ್ಲಿ ಕೆಲಸ. ರಾತ್ರಿ ಬಾಂಬು ಬೀಳುವಾಗ ಮಂಚದ ಅಡಿಗೆ ಸೇರುವುದು, ಬೆಳಿಗ್ಗೆ ಕಪಾಟಿನ ಮೇಲಿನ ಗಾಜಿನ ಚೂರು ಗುಡಿಸಿ ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಡುವುದು, ಹೀಗೆ ದಿನ ಕಳೆದರಂತೆ. ಮಕ್ಕಳಿಗೆ ಹೇಳಬಹುದಾದ ಇನ್ನೊಂದು ಕತೆ: ಭಾರತದಿಂದ ಒಂದು ಅಳಿಲನ್ನು, ತುಳುವಿನಲ್ಲಿ ಚಣಿಲ್ ಎನ್ನುತ್ತೀರಲ್ಲ, ಅದನ್ನು ಗುಟ್ಟಾಗಿ ಲಂಡನ್ನಿಗೆ ಕೊಂಡುಹೋಗಿ ಸಾಕಿದ್ದರು. ಅದಕ್ಕೆ ಕಪೋಕ್ ಎಂದು ಹೆಸರಿಟ್ಟಿದ್ದರು.

ಆ ಸಂಸ್ಥೆಯ ಸಿ. ಡಿ. ಡಾರ್ಲಿಂಗ್‌ಟನ್ ಅವರೊಡನೆ ಸೇರಿ 1945ರಲ್ಲಿ ಪ್ರಕಟಿಸಿದ ಪುಸ್ತಕ ‘ಕ್ರೋಮೋಸೋಮ್ ಅಟ್ಲಾಸ್ ಆಫ್ ಕಲ್ಟಿವೇಟೆಡ್ ಪ್ಲಾಂಟ್ಸ್’. ಮನುಷ್ಯ ಬೆಳೆಸುವ ಗಿಡಗಳ ವರ್ಣತಂತುಗಳ ಲೆಕ್ಕವನ್ನೆಲ್ಲ ಒಂದೆಡೆ ತಂದ ಗ್ರಂಥ. ಹೊಸ ತಳಿ ಮಾಡುವವರಿಗೆ ಅದು ಪಂಚಾಂಗವಿದ್ದ ಹಾಗೆ. ಆ ಬಳಿಕ ವಿಸ್ಲಿ ಎಂಬಲ್ಲಿರುವ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ತೋಟದಲ್ಲಿ 1951ರ ವರೆಗೆ ಕೆಲಸ ಮಾಡಿದರು. ಅಲ್ಲಿ ಮ್ಯಾಗ್ನೋಲಿಯಾ ಎಂಬ ಹೂಮರದ ಸಸಿಗಳಿಗೆ ಕಾಲ್ಚಿಸಿನ್ ಎಂಬ ಔಷಧ ಹಚ್ಚಿ, ವರ್ಣತಂತುಗಳ ಲೆಕ್ಕ ಇಮ್ಮಡಿಯಾಗುವಂತೆ ಮಾಡಿದರು. ಲೆಕ್ಕ ಇಮ್ಮಡಿಯಾದ ಗಿಡದ ಎಲೆ, ಹೂ ಹೆಚ್ಚಾಗಿ ದೊಡ್ಡದಾಗಿರುತ್ತವೆ. ಒಂದು ಮ್ಯಾಗ್ನೋಲಿಯಾಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ.

ಮ್ಯಾಗ್ನೋಲಿಯಾ ಎಂದರೆ ದೂರದ್ದೆಂದು ತೋರಬಹುದು. ನಮ್ಮ ಸಂಪಿಗೆ ಅದೇ ಕುಟುಂಬದ್ದು. ಕಾಲ್ಚಿಸಿನ್ ಕೂಡ ದೂರದ್ದಲ್ಲ. ಮಳೆಗಾಲದಲ್ಲಿ ಬೇಲಿಗೆ ಹಬ್ಬಿ ಕೆಂಪು ಹಳದಿ ಬೆಂಕಿಯ ಹಾಗೆ ಅರಳುವ ಗೌರಿಹೂವಿನ, ಅಂದರೆ ಅಗ್ನಿಶಿಖೆಯ ಗಡ್ಡೆಯಲ್ಲಿ ಇರುವ ವಿಷ ಅದೇ. ಮಕ್ಕಳು ಅದರ ಗಡ್ಡೆ ಮುಟ್ಟದಂತೆ ಅಜ್ಜಿಯಂದಿರು ಗದರಿಸುವುದು ಸುಮ್ಮನೆ ಅಲ್ಲ.

1951ರಲ್ಲಿ ಪ್ರಧಾನಿ ನೆಹರೂ ಅವರ ಆಹ್ವಾನದ ಮೇಲೆ ಊರಿಗೆ ಮರಳಿದರು. ಬ್ರಿಟಿಷರು 1890ರಲ್ಲಿ ಸ್ಥಾಪಿಸಿದ್ದ ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆ ಸೊರಗಿ ಹೋಗಿತ್ತು. ಅದನ್ನು ಹೊಸತಾಗಿ ಕಟ್ಟುವ ಯೋಜನೆ ಹಾಕಿಕೊಡುವುದು ಇವರ ಕೆಲಸ. ನಮ್ಮ ಗಿಡಗಳನ್ನು ಹೊರಗಿನವರು ಸಂಗ್ರಹಿಸಿ, ಹೊರದೇಶದ ಕಪಾಟಿನಲ್ಲಿಟ್ಟು, ಅಲ್ಲಿ ಕೂತು ಹೆಸರಿಡುವ ಪದ್ಧತಿ ಹೋಗಬೇಕು. ಇಲ್ಲಿಯ ಗಿಡವನ್ನು ಇಲ್ಲಿಯವರು ಇಲ್ಲಿಯೇ ಅಭ್ಯಾಸ ಮಾಡಬೇಕು ಎಂಬುದು ಅವರ ಹಟ. ಯೋಜನೆ ಹಾಕಿಕೊಟ್ಟವರು ಇವರು, ಸಂಸ್ಥೆಯ ಮುಖ್ಯಸ್ಥರ ಕುರ್ಚಿ ಮಾತ್ರ ಬೇರೆಯವರಿಗೆ ಹೋಯಿತು. ಬೇಸರವಾಗಿತ್ತು, ಅದನ್ನು ಅವರು ಅಡಗಿಸಿಡಲೂ ಇಲ್ಲ. ಅಂದಿನ ಅಲಹಾಬಾದಿನ ಕೇಂದ್ರೀಯ ಸಸ್ಯವಿಜ್ಞಾನ ಪ್ರಯೋಗಾಲಯದ ಮುಖ್ಯಸ್ಥೆಯಾಗಿ ಕೆಲಸ ಮುಂದುವರಿಸಿದರು.

ಆ ದಿನಗಳ ಒಂದು ಘಟನೆ ನನ್ನ ಮನಸ್ಸಿನಲ್ಲಿ ನಿಂತಿದೆ. ಶಿಲ್ಲಾಂಗಿನಿಂದ 37 ಮೈಲು ದೂರ, ಅಸ್ಸಾಮಿನ ಆ ಭಾಗದಲ್ಲಿ ಉಳಿದಿದ್ದ ಒಂದೇ ಒಂದು ಮ್ಯಾಗ್ನೋಲಿಯಾ ಗ್ರಿಫಿತೀ ಮರವನ್ನು ಹುಡುಕಿಕೊಂಡು ಹೋದರು. ತಲಪಿದರೆ ಮರ ಸುಟ್ಟು ಹೋಗಿತ್ತು. 1955ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ, ಮನುಷ್ಯ ಭೂಮಿಯ ಮುಖವನ್ನು ಹೇಗೆ ಬದಲಿಸುತ್ತಿದ್ದಾನೆ ಎಂಬ ವಿಷಯದ ಮೇಲೆ ದೊಡ್ಡ ವಿಚಾರಸಂಕಿರಣ ನಡೆದಾಗ, ಆಹ್ವಾನ ಪಡೆದ ವಿದ್ವಾಂಸರಲ್ಲಿ ಹೆಂಗಸು ಎಂದರೆ ಇವರೊಬ್ಬರೇ. ಅಲ್ಲಿ ಅವರು ಮಾತಾಡಿದ್ದು ನಮ್ಮ ದೇಶದ ಬಡ ರೈತರ, ಬುಡಕಟ್ಟಿನವರ ಬಾಳುವೆಯ ಬಗ್ಗೆ. ಕಾಡಿನ ಗಿಡಗಳ ತಿಳಿವಳಿಕೆಯನ್ನು, ಮನೆಯ ಬೀಜ ಗಡ್ಡೆಗಳನ್ನು ಕಾಪಾಡಿಕೊಂಡು ಬಂದವರಲ್ಲಿ ಹೆಂಗಸರ ಪಾಲು ದೊಡ್ಡದೆಂಬುದು ಅವರ ಮಾತಿನಲ್ಲಿತ್ತು. ಆ ಸಭೆಯಲ್ಲಿ ನಿಮ್ಮ ಅಜ್ಜಿಯ ಪರವಾಗಿ ಒಬ್ಬರು ವಾದಿಸಿದರು ಎಂದೇ ತಿಳಿಯಿರಿ.

ನಾನು ಬೇಕೆಂದೇ ತಾಳಿ ಎಂದಿದ್ದ ಮಾತಿಗೆ ಈಗ ಬರುತ್ತೇನೆ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಒಬ್ಬಳು ಹುಡುಗಿ ಇದ್ದಳು. ಕನ್ನಡ ಮಾಧ್ಯಮ. ಗುಡ್ಡೆಯ ಗಿಡ ಯಾವುದನ್ನು ತೋರಿಸಿದರೂ ಹೆಸರು ಹೇಳುತ್ತಿದ್ದಳು, ಒಂದಲ್ಲ, ಮೂರು ಭಾಷೆಯಲ್ಲಿ. ಒಮ್ಮೆ ಅವಳ ಮನೆಯ ಹಿತ್ತಿಲಿನಿಂದ ಐದು ಬಗೆಯ ಕೆಸುವಿನ ಎಲೆ ತಂದು ಮೇಜಿನ ಮೇಲಿಟ್ಟು, ಯಾವುದು ತುರಿಸುತ್ತದೆ, ಯಾವುದು ತುರಿಸುವುದಿಲ್ಲ, ಯಾವುದು ಪತ್ರೊಡೆಗೆ ಆದೀತು ಎಂದು ವಿವರಿಸಿದಳು. ಆಮೇಲೆ, ಸಾರ್, ಇದರಲ್ಲಿ ಕೆಲವು ಬೀಜ ಕಟ್ಟುವುದೇ ಇಲ್ಲ, ಯಾಕೆ, ಎಂದು ಕೇಳಿದಳು. ನನಗೆ ಆಗ ಗೊತ್ತಿರಲಿಲ್ಲ. ಉತ್ತರ ಇಷ್ಟೇ: ಕೆಸುವಿನಲ್ಲಿ 28 ವರ್ಣತಂತು ಇರುವ ಬಗೆ ಉಂಟು, 42 ಇರುವ ಬಗೆಯೂ ಉಂಟು. 42 ಇರುವುದು ಮೂರು ಪಾಲಿನದು, ನೇಂದ್ರ ಬಾಳೆಯ ಹಾಗೆ. ಎಷ್ಟೋ ವರ್ಷದ ಮೇಲೆ ಓದಿ ತಿಳಿದುಕೊಂಡಾಗ ಅವಳ ನೆನಪಾಯಿತು.

ಹತ್ತನೆಯದರಲ್ಲಿ ಒಳ್ಳೆಯ ಮಾರ್ಕು ಬಂತು. ಪ್ಲಸ್ ಟುವಿಗೆ ವಿಜ್ಞಾನ ತೆಗೆದುಕೊಳ್ಳುವ ಆಸೆ ಅವಳಿಗೆ. ಅಲ್ಲಿ ಎಲ್ಲ ಇಂಗ್ಲಿಷಿನಲ್ಲಿ, ತರಗತಿಯಲ್ಲಿ ವಿವರಣೆ ಮಲಯಾಳದಲ್ಲಿ, ಇವಳಿಂದಾದೀತೇ ಎಂದರು ಮನೆಯವರು. ಬಸ್ಸು ಎರಡು ಬದಲಿಸಬೇಕು, ಸಂಜೆ ತಡವಾಗುತ್ತದೆ ಎಂದರು. ನಾನು ಒಂದು ಸಲ ಅವರ ಮನೆಗೆ ಹೋದೆ. ಚಹಾ ಕುಡಿದೆ. ಅವಳ ತಂದೆ ಸಜ್ಜನರು, ನನಗಿಂತ ಹಿರಿಯರು. ಅವರೆದುರು ಹೆಚ್ಚು ಹೇಳಲಿಕ್ಕೆ ನಾಲಿಗೆ ಏಳಲಿಲ್ಲ. ನೋಡೋಣ ಎಂದರು, ನಾನೂ ನೋಡೋಣ ಎಂದು ಎದ್ದು ಬಂದೆ. ಎರಡನೆಯ ಸಲ ಹೋಗಲಿಲ್ಲ. ಹೋಗಬೇಕಾಗಿತ್ತು. ಎರಡು ವರ್ಷದೊಳಗೆ ಅವಳ ಮದುವೆಯ ಕಾಗದ ಬಂತು. ಈಗಲೂ ಜಾತ್ರೆಯಲ್ಲಿ ಸಿಕ್ಕಿದರೆ, ಸಾರ್ ಹೇಗಿದ್ದೀರಿ ಎನ್ನುತ್ತಾಳೆ. ಕೆಸುವಿನ ಮಾತು ನಾನಾಗಿ ಎತ್ತುವುದಿಲ್ಲ.

ಭಾಷೆಯ ಕಷ್ಟ ಸುಳ್ಳೆಂದು ನಾನು ಹೇಳುವವನಲ್ಲ. ಪ್ಲಸ್ ಟುವಿನ ಮೊದಲ ಆರು ತಿಂಗಳು ನಮ್ಮ ಮಕ್ಕಳು ಕಣ್ಣೀರು ಹಾಕುವುದು ನೋಡಿದ್ದೇನೆ. ಆದರೆ ಸೂಕ್ಷ್ಮದರ್ಶಕದ ಅಡಿಯಲ್ಲಿ 28 ಎಂದು ಎಣಿಸುವುದಕ್ಕೆ ಯಾವ ಭಾಷೆಯೂ ಅಡ್ಡ ಬರುವುದಿಲ್ಲ. ಸೊಲಾನಂ, ಮ್ಯಾಗ್ನೋಲಿಯಾ ಎಂಬ ಶಾಸ್ತ್ರೀಯ ಹೆಸರುಗಳು ಲ್ಯಾಟಿನ್ ರೂಪದವು. ಅವು ಇಂಗ್ಲಿಷ್ ಮಾಧ್ಯಮದ ಮಗುವಿಗೂ ಪರಭಾಷೆಯೇ. ಆದರೆ ಐದು ಬಗೆಯ ಕೆಸುವನ್ನು ಕಣ್ಣಿನಿಂದಲೇ ಬೇರ್ಪಡಿಸುವ ತಿಳಿವಳಿಕೆ ಯಾವ ಕಾಲೇಜಿನಲ್ಲೂ ಮೊದಲಿನಿಂದ ಕಲಿಸಲಿಕ್ಕೆ ಆಗುವುದಿಲ್ಲ. ಅದು ಮನೆಯ ಮಾತಿನಲ್ಲಿ ಬಂದದ್ದು. ಅದನ್ನು ಆ ಹುಡುಗಿ ಗಳಿಸಿಕೊಂಡಾಗಿತ್ತು. ಆರು ತಿಂಗಳ ಇಂಗ್ಲಿಷಿಗೆ ಹೆದರಿ ನಾವು ಬಿಟ್ಟುಕೊಟ್ಟದ್ದು ಅದನ್ನು.

ಜಾನಕಿ ಅಮ್ಮಾಳ್ ಅವರ ಕೊನೆಯ ವರ್ಷಗಳಿಗೆ ಬರೋಣ. ಜಮ್ಮುವಿನಲ್ಲಿ ಕೆಲವು ಕಾಲ ಕೆಲಸ ಮಾಡಿದರು. ಅಲ್ಲಿಯ ಒಣಸಸ್ಯ ಸಂಗ್ರಹಾಲಯಕ್ಕೆ ಇಂದು ಅವರದೇ ಹೆಸರು. ಸ್ವಲ್ಪ ಸಮಯ ಟ್ರಾಂಬೆಯಲ್ಲಿದ್ದು, 1970ರಲ್ಲಿ ಮದರಾಸಿಗೆ ಬಂದು ನೆಲೆಸಿದರು. ವಿಶ್ವವಿದ್ಯಾನಿಲಯದ ಮದುರವಾಯಲ್ ಕ್ಷೇತ್ರ ಪ್ರಯೋಗಾಲಯದಲ್ಲಿ ಮದ್ದಿನ ಗಿಡಗಳನ್ನು ಬೆಳೆಸುತ್ತ, ಬೆಕ್ಕುಗಳನ್ನು ಸಾಕುತ್ತ, ಸರಳವಾಗಿ ಬದುಕಿದರು. 1977ರಲ್ಲಿ ಪದ್ಮಶ್ರೀ ಬಂತು.

ಎಂಬತ್ತು ದಾಟಿದ ಮೇಲೆ ಅವರು ಇನ್ನೊಂದು ಕೆಲಸಕ್ಕೆ ಕೈಹಾಕಿದರು. ಪಾಲಕ್ಕಾಡು ಜಿಲ್ಲೆಯ ಸೈಲೆಂಟ್ ವ್ಯಾಲಿಯಲ್ಲಿ ಕುಂತಿ ಹೊಳೆಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆ ಇತ್ತು. ಸಿಂಗಳೀಕಗಳು ಇರುವ ಮಳೆಕಾಡು ಮುಳುಗುವುದೆಂದು ಅಧ್ಯಾಪಕರು, ಕವಿಗಳು, ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರು ವಿರೋಧಿಸಿದರು. ಜಾನಕಿ ಅಮ್ಮಾಳ್ ಘೋಷಣೆ ಕೂಗಲಿಲ್ಲ. ಮುಳುಗುವ ಮೊದಲು ಆ ಕಾಡಿನ ಮರಗಳ ವರ್ಣತಂತುಗಳನ್ನು ಎಣಿಸುತ್ತೇನೆ ಎಂದು ಹೊರಟರು. ಆ ವಯಸ್ಸಿಗೆ ಇದೊಂದು ಸಾಹಸವೆಂದು ತಾವೇ ಡಾರ್ಲಿಂಗ್‌ಟನ್ನರಿಗೆ ಬರೆದಿದ್ದರು. ಯೋಜನೆಯಿಂದ ಏನು ಬರುತ್ತದೆ ಎಂಬುದಕ್ಕೆ ಲೆಕ್ಕವಿರುತ್ತದೆ, ಏನು ಹೋಗುತ್ತದೆ ಎಂಬುದಕ್ಕೆ ಇರುವುದಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1983ರಲ್ಲಿ ಸರಕಾರ ಆ ಅಣೆಕಟ್ಟಿನ ಯೋಜನೆಯನ್ನು ಕೈಬಿಟ್ಟಿತು. 1984ರ ಫೆಬ್ರವರಿ 7ರಂದು, 86ನೆಯ ವಯಸ್ಸಿನಲ್ಲಿ, ಜಾನಕಿ ಅಮ್ಮಾಳ್ ಮದುರವಾಯಲಿನಲ್ಲಿ ತೀರಿಕೊಂಡರು. ಅದೇ ವರ್ಷ ನವೆಂಬರ್ 15ರಂದು ಸೈಲೆಂಟ್ ವ್ಯಾಲಿ ರಾಷ್ಟ್ರೀಯ ಉದ್ಯಾನವಾಯಿತು. ನಮ್ಮ ಕಾಸರಗೋಡು ಜಿಲ್ಲೆಯಾದದ್ದೂ ಆ ವರ್ಷವೇ, ಮೇ ತಿಂಗಳಲ್ಲಿ.

ಅವರ ಹೆಸರಿನಲ್ಲಿ ಸಸ್ಯ ವರ್ಗೀಕರಣಕ್ಕೆ ಕೇಂದ್ರ ಸರಕಾರದ ರಾಷ್ಟ್ರೀಯ ಪ್ರಶಸ್ತಿ ಇದೆ. ಸಾವಿತ್ರಿ ಪ್ರೀತಾ ನಾಯರ್ ಎಂಬವರು ಅವರ ದೊಡ್ಡ ಜೀವನಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಓದಬಲ್ಲ ಮಕ್ಕಳಿಗೆ ತರಿಸಿಕೊಡಿ.

ಇನ್ನು ನಿಮ್ಮಿಂದ ಒಂದು ಕೆಲಸ ಆಗಬೇಕು. ಗಿಡಗಳನ್ನು ಒಣಗಿಸಿ ಹಾಳೆಗೆ ಅಂಟಿಸಿ ಇಡುವುದನ್ನು ಹರ್ಬೇರಿಯಂ ಎನ್ನುತ್ತಾರೆ. ದೊಡ್ಡ ಸಂಸ್ಥೆಗಳಲ್ಲಿ ಲಕ್ಷಗಟ್ಟಲೆ ಇರುತ್ತವೆ, ನಮ್ಮ ಶಾಲೆಗೆ ಐವತ್ತು ಸಾಕು. ಹೂವೋ ಕಾಯಿಯೋ ಇರುವ ರೆಂಬೆಯನ್ನು ಹಳೆಯ ಪತ್ರಿಕೆಯ ನಡುವೆ ಹರಡಿ, ಮೇಲೆ ಹಲಗೆಯಿಟ್ಟು ಭಾರ ಹೇರಬೇಕು. ಕಾಗದವನ್ನು ದಿನಾ ಬದಲಿಸಬೇಕು, ಮಳೆಗಾಲದಲ್ಲಿ ಎರಡು ಸಲ. ಇಲ್ಲದಿದ್ದರೆ ಬೂಸು ಹಿಡಿಯುತ್ತದೆ. ಒಣಗಿದ ಮೇಲೆ ಹೂವಿನ ಬಣ್ಣ ಹೋಗಿಬಿಡುತ್ತದೆ, ಆದ್ದರಿಂದ ಕೀಳುವಾಗಲೇ ಬಣ್ಣ ಬರೆದಿಡಬೇಕು. ಹಾಳೆಯ ಬಲಬದಿಯ ಕೆಳಗೆ ಚೀಟಿ: ಎಲ್ಲಿ ಸಿಕ್ಕಿತು, ಯಾವ ತಾರೀಕು, ಕಿತ್ತವರು ಯಾರು, ಊರಿನಲ್ಲಿ ಏನೆನ್ನುತ್ತಾರೆ. ಈ ಕೊನೆಯ ಸಾಲನ್ನು ಮಗು ಒಂದೇ ತುಂಬಿಸಲಾರದು, ಅದು ಮನೆಯಲ್ಲೇ ಆಗಬೇಕು. ಅಜ್ಜಿಯನ್ನು ಕೇಳಿ, ತೋಟದ ಕೆಲಸಕ್ಕೆ ಬರುವವರನ್ನು ಕೇಳಿ, ಪಕ್ಕದ ಮನೆಯ ಬ್ಯಾರಿ ಅಮ್ಮನನ್ನು ಕೇಳಿ. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಯಾವುದು ಸಿಕ್ಕಿದರೂ ಬರೆಯಿಸಿ. ಒಂದೇ ಹೆಸರಿಗೆ ಎರಡು ಗಿಡ ಬಂದರೆ ಎರಡನ್ನೂ ತನ್ನಿ.

ಶಾಸ್ತ್ರೀಯ ಹೆಸರನ್ನು ಅಧ್ಯಾಪಕರು ಹುಡುಕಿ ಬರೆಯುತ್ತಾರೆ. ಗೊತ್ತಾಗದಿದ್ದರೆ ನನ್ನನ್ನು ಕರೆಯಿರಿ, ನನಗೂ ಗೊತ್ತಾಗದಿದ್ದರೆ ಆ ಸಾಲು ಖಾಲಿ ಇರಲಿ. ಮತ್ತೆ, ಹತ್ತನೆಯ ತರಗತಿಯ ಹೆಣ್ಣುಮಕ್ಕಳ ಹೆತ್ತವರು ಸಭೆ ಮುಗಿದ ಮೇಲೆ ಸ್ವಲ್ಪ ಹೊತ್ತು ಕೂತುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಪ್ಲಸ್ ಟು ಅರ್ಜಿಯ ವಿಷಯ ಮಾತಾಡಲಿಕ್ಕುಂಟು. ನಿಮ್ಮ ಮನೆಗೂ ಬರುತ್ತೇನೆ, ಈ ಸಲ ಎರಡೆರಡು ಸಲ ಬರುತ್ತೇನೆ.